ಯಾರನ್ನು ಅನುಮಾನಿಸಬೇಕು ಅಂತ ಮೊದಲೇ ಚಿತ್ರ ಬರೆದಿಟ್ಟವನು

ಪತ್ರಿಕೋದ್ಯಮ, ದೃಶ್ಯ ಮಾಧ್ಯಮ ಓದುವವರಿಗೆ ಕಾಲೇಜಿನಲ್ಲಿ ಕೊಡುವ ಪ್ರಾಜೆಕ್ಟ್‌ಗಳಲ್ಲಿ ಎಲ್ಲರಿಗೂ ಇಷ್ಟವಾಗುವ ಒಂದಿದೆ: ಎರಡು ನಿಮಿಷದ ಥ್ರಿಲ್ಲರ್ ಆರಂಭ. ಪೂರ್ತಿ ಸಿನಿಮಾ ಬೇಡ, ಅದರ ಮೊದಲ ಎರಡು ನಿಮಿಷ ಮಾತ್ರ. ಆದರೆ ಕ್ಯಾಮೆರಾ ಕೈಗೆ ಸಿಗುವ ಮೊದಲು ಪ್ರತಿಯೊಂದು ಶಾಟನ್ನೂ ಕಾಗದದ ಮೇಲೆ ಚೌಕ ಹಾಕಿ ಬರೆದು ತೋರಿಸಬೇಕು. ಅದೇ ಸ್ಟೋರಿಬೋರ್ಡ್. ಅಂಥ ಹಾಳೆಗಳನ್ನು ನಾನು ಸಾಕಷ್ಟು ನೋಡಿದ್ದೇನೆ. ಚಿತ್ರ ಬಿಡಿಸೋಕೆ ಬರಲ್ಲ ಅಂತ ನಾಚಿಕೊಳ್ಳುವವರೇ ಹೆಚ್ಚು. ಅದು ಸಮಸ್ಯೆಯೇ ಅಲ್ಲ, ಕಡ್ಡಿಗೊಂಬೆ ಬರೆದರೂ ಸಾಕು.

ನನಗೆ ಕಾಣುವ ಸಮಸ್ಯೆ ಬೇರೆ. ಆ ಚೌಕಗಳಲ್ಲಿ ಭಯ ಹುಟ್ಟಿಸುವವನು ಯಾರು ಅಂತ ನೋಡಿ. ಉದ್ದ ಗಡ್ಡದವನು, ಹರಕು ಬಟ್ಟೆಯವನು, ಕೊಳೆಗೇರಿಯ ಓಣಿಯಿಂದ ಹೊರಬರುವವನು, ಎಲ್ಲಿಂದಲೋ ಕೆಲಸಕ್ಕೆ ಬಂದ, ನಮ್ಮ ಭಾಷೆ ಬಾರದವನು. ಇವನೇ ಯಾಕೆ ಅಂತ ಕೇಳಿದರೆ, ನೋಡಿದ ತಕ್ಷಣ ಭಯ ಆಗ್ಬೇಕಲ್ವಾ ಅನ್ನೋ ಉತ್ತರ ಬರುತ್ತೆ. ಎರಡೇ ನಿಮಿಷ ಇರೋದು, ಪರಿಚಯ ಮಾಡಿಕೊಡೋಕೆ ಸಮಯವಿಲ್ಲ, ಹಾಗಾಗಿ ನೋಡುಗರ ತಲೆಯಲ್ಲಿ ಈಗಾಗಲೇ ಇರುವ ಪೂರ್ವಗ್ರಹವನ್ನೇ ಬಳಸಿಕೊಳ್ಳೋದು. ಬರೆದ ಮಕ್ಕಳಲ್ಲಿ ಹೆಚ್ಚಿನವರು ಬಹಳ ಪ್ರಗತಿಪರರು. ಆದರೂ ಪೆನ್ಸಿಲ್ ಆ ಕಡೆಗೇ ಓಡುತ್ತೆ.

ಈ ಕಾರಣಕ್ಕೇ ನಾನು ಆಲ್‌ಫ್ರೆಡ್ ಹಿಚ್‌ಕಾಕ್‌ನ ಬದುಕಿಗೆ ಮತ್ತೆ ಮತ್ತೆ ಹೋಗುತ್ತೇನೆ. ಥ್ರಿಲ್ಲರ್ ಹೇಗೆ ಕಟ್ಟಬೇಕು ಅನ್ನೋದನ್ನು ಜಗತ್ತಿಗೆ ಕಲಿಸಿದವನು ಆತ. ನೋಡುಗರ ಅನುಮಾನವನ್ನು ಎತ್ತ ಬೇಕಾದರೂ ತಿರುಗಿಸಬಹುದು ಅಂತ ಆತನಷ್ಟು ಚೆನ್ನಾಗಿ ತಿಳಿದವರು ಕಡಿಮೆ. ಆ ಶಕ್ತಿಯನ್ನು ಆತ ಒಳ್ಳೆಯದಕ್ಕೂ ಬಳಸಿದ, ಕೆಟ್ಟದ್ದಕ್ಕೂ ಬಳಸಿದ. ಎರಡನ್ನೂ ನೋಡಬೇಕು.

ತರಕಾರಿ ಅಂಗಡಿಯ ಹುಡುಗ

ಹಿಚ್‌ಕಾಕ್ ಹುಟ್ಟಿದ್ದು 1899ರ ಆಗಸ್ಟ್ 13ರಂದು, ಲಂಡನ್ನಿನ ಪೂರ್ವದ ಅಂಚಿನಲ್ಲಿದ್ದ ಲೇಟನ್‌ಸ್ಟೋನ್‌ನಲ್ಲಿ. ಅಪ್ಪ ವಿಲಿಯಂ ತರಕಾರಿ, ಕೋಳಿ ಮಾರುವ ಅಂಗಡಿ ಇಟ್ಟುಕೊಂಡಿದ್ದರು. ಮೂರು ಮಕ್ಕಳಲ್ಲಿ ಈತನೇ ಕೊನೆಯವನು. ಪ್ರಾಟೆಸ್ಟೆಂಟರೇ ಹೆಚ್ಚಿದ್ದ ಇಂಗ್ಲೆಂಡಿನಲ್ಲಿ ಇವರದು ಕ್ಯಾಥೊಲಿಕ್ ಕುಟುಂಬ. ಶ್ರೀಮಂತರಲ್ಲ, ಬಡವರೂ ಅಲ್ಲ. ದಪ್ಪಗಿದ್ದ, ಒಂಟಿಯಾಗಿರುತ್ತಿದ್ದ, ರೈಲು ಮತ್ತು ಬಸ್ಸುಗಳ ವೇಳಾಪಟ್ಟಿ, ನಕ್ಷೆ ಅಂದರೆ ಪ್ರಾಣ ಬಿಡುತ್ತಿದ್ದ ಹುಡುಗ.

ಬದುಕಿನುದ್ದಕ್ಕೂ ಆತ ಹೇಳಿಕೊಂಡು ಬಂದ ಒಂದು ಕಥೆಯಿದೆ. ಐದಾರು ವರ್ಷದವನಿದ್ದಾಗ ಅಪ್ಪ ಒಂದು ಚೀಟಿ ಕೊಟ್ಟು ಪೊಲೀಸ್ ಠಾಣೆಗೆ ಕಳಿಸಿದರಂತೆ. ಚೀಟಿ ಓದಿದ ಪೊಲೀಸ್ ಹುಡುಗನನ್ನು ಕೆಲ ನಿಮಿಷ ಲಾಕಪ್ಪಿನಲ್ಲಿ ಕೂಡಿಹಾಕಿ, ತುಂಟ ಮಕ್ಕಳಿಗೆ ಇದೇ ಗತಿ ಅಂತ ಹೇಳಿ ಬಿಟ್ಟನಂತೆ. ಜೆಸ್ಯೂಟ್ ಪಾದ್ರಿಗಳು ನಡೆಸುತ್ತಿದ್ದ ಸೇಂಟ್ ಇಗ್ನೇಷಿಯಸ್ ಶಾಲೆಯ ಬಗ್ಗೆಯೂ ಹೀಗೇ ಒಂದು ನೆನಪು: ಅಲ್ಲಿ ಹೊಡೆತ ಯಾವ ಹೊತ್ತಿಗೆ ತಿನ್ನಬೇಕು ಅನ್ನೋದನ್ನು ಹುಡುಗರೇ ಆರಿಸಿಕೊಳ್ಳಬೇಕಿತ್ತು. ಬೆಳಿಗ್ಗೆಯೇ ಹೋಗಿ ತಿಂದು ಮುಗಿಸಬಹುದು, ಇಲ್ಲವೇ ಇಡೀ ದಿನ ಅದನ್ನೇ ನೆನೆಯುತ್ತಾ ಸಂಜೆಯವರೆಗೆ ಕಾಯಬಹುದು. ಹೊಡೆತಕ್ಕಿಂತ ಕಾಯುವುದೇ ದೊಡ್ಡ ಶಿಕ್ಷೆ ಅಂತ ಹುಡುಗನಿಗೆ ಅಲ್ಲೇ ಗೊತ್ತಾಯಿತು.

ಈ ಎರಡು ಕಥೆಗಳಲ್ಲಿ ಆತನ ಸಿನಿಮಾಗಳೆಲ್ಲಾ ಅಡಗಿವೆ. ಏನೂ ಮಾಡದೆ ಸಿಕ್ಕಿಬಿದ್ದವನ ಕಥೆಯನ್ನು ಆತ ‘ದಿ 39 ಸ್ಟೆಪ್ಸ್’ (1935), ‘ದಿ ರಾಂಗ್ ಮ್ಯಾನ್’ (1956), ‘ನಾರ್ತ್ ಬೈ ನಾರ್ತ್‌ವೆಸ್ಟ್’ (1959), ‘ಫ್ರೆಂಝಿ’ (1972) ಹೀಗೆ ಕೊನೆಯವರೆಗೂ ಹೇಳುತ್ತಲೇ ಹೋದ. ಅಧಿಕಾರದಲ್ಲಿರುವವರು ಒಂದು ಚೀಟಿಯನ್ನಷ್ಟೇ ನೋಡಿ ಒಬ್ಬನನ್ನು ಒಳಗೆ ಹಾಕಬಹುದು ಅನ್ನೋ ಭಯ ನಮಗೇನೂ ಹೊಸದಲ್ಲ, ಅಲ್ವಾ?

ಅಕ್ಷರದ ಪಕ್ಕ ಒಂದು ಚಿತ್ರ

1914ರ ಕೊನೆಯಲ್ಲಿ ಅಪ್ಪ ತೀರಿಕೊಂಡರು. ಹದಿಹರೆಯದ ಹುಡುಗ ಹೆನ್ಲೀಸ್ ಅನ್ನೋ ವಿದ್ಯುತ್ ಕೇಬಲ್ ಕಂಪನಿಯಲ್ಲಿ ಗುಮಾಸ್ತನಾಗಿ ಸೇರಿದ. ಸಂಜೆ ಹೊತ್ತು ಚಿತ್ರಕಲೆಯ ತರಗತಿಗೆ ಹೋಗುತ್ತಿದ್ದ. ಹಾಗಾಗಿ ಸ್ವಲ್ಪ ಕಾಲದಲ್ಲೇ ಅವನನ್ನು ಕಂಪನಿಯ ಜಾಹೀರಾತು ವಿಭಾಗಕ್ಕೆ ಹಾಕಿದರು. 1919ರಲ್ಲಿ ನೌಕರರ ಪತ್ರಿಕೆಯೊಂದು ಶುರುವಾದಾಗ ಅದಕ್ಕೆ ‘ಗ್ಯಾಸ್’ ಅನ್ನೋ ಪುಟ್ಟ ಕಥೆ ಬರೆದ. ಪ್ಯಾರಿಸ್ಸಿನ ಕತ್ತಲಲ್ಲಿ ದುಷ್ಟರ ಕೈಗೆ ಸಿಕ್ಕಿದ ಒಬ್ಬ ಹೆಂಗಸು, ಅವಳನ್ನು ಕಟ್ಟಿ ನದಿಗೆ ಎಸೆಯುತ್ತಾರೆ. ಕೊನೆಗೆ ನೋಡಿದರೆ ಅದೆಲ್ಲ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ, ಅರಿವಳಿಕೆಯ ಮಂಪರಿನಲ್ಲಿ ಕಂಡದ್ದು. ಇಪ್ಪತ್ತು ತುಂಬುವ ಮೊದಲೇ ಓದುಗರನ್ನು ದಾರಿ ತಪ್ಪಿಸುವ ಆಟ ಶುರುವಾಗಿತ್ತು. ಆ ಆಟದಲ್ಲಿ ಹೆದರುವವಳು ಹೆಂಗಸೇ ಆಗಿದ್ದಳು ಅನ್ನೋದನ್ನೂ ಗಮನಿಸಿ. ಆ ವಿಷಯಕ್ಕೆ ಮುಂದೆ ಬರೋಣ.

ಅದೇ ಹೊತ್ತಿಗೆ ಅಮೆರಿಕದ ಫೇಮಸ್ ಪ್ಲೇಯರ್ಸ್-ಲಾಸ್ಕಿ ಕಂಪನಿ ಲಂಡನ್ನಿನ ಇಸ್ಲಿಂಗ್ಟನ್‌ನಲ್ಲಿ ಸ್ಟುಡಿಯೋ ತೆರೆಯಿತು. ಅವರು ತೆಗೆಯಲಿದ್ದ ಒಂದು ಸಿನಿಮಾಗೆ ಟೈಟಲ್ ಕಾರ್ಡ್‌ಗಳನ್ನು ಬರೆದುಕೊಂಡು ಹೋಗಿ ತೋರಿಸಿ ಹಿಚ್‌ಕಾಕ್ ಕೆಲಸ ಗಿಟ್ಟಿಸಿದ. ಮೂಕಿ ಚಿತ್ರಗಳ ಕಾಲ ಅದು. ಮಾತನ್ನು ಕಾರ್ಡಿನ ಮೇಲೆ ಬರೆದು ತೋರಿಸಬೇಕಿತ್ತು, ಅಕ್ಷರದ ಪಕ್ಕ ಒಂದು ಚಿತ್ರವೂ ಇರುತ್ತಿತ್ತು. ಯಾರಾದರೂ ದಾರಿ ತಪ್ಪಿ ಬದುಕುತ್ತಿದ್ದರೆ ಎರಡೂ ತುದಿಯಲ್ಲಿ ಉರಿಯುವ ಮೇಣದಬತ್ತಿ ಬರೆದರೆ ಮುಗಿಯಿತು. ಒಂದು ವಾಕ್ಯವನ್ನು ಒಂದು ಚಿತ್ರವಾಗಿ ಬದಲಾಯಿಸುವ ಈ ಕೆಲಸವೇ ಆತನ ನಿಜವಾದ ಫಿಲ್ಮ್ ಸ್ಕೂಲ್. ಸ್ಟೋರಿಬೋರ್ಡ್ ಅಂದರೂ ಇದೇ ತಾನೇ?

ಇಸ್ಲಿಂಗ್ಟನ್‌ನಲ್ಲೇ ಆಲ್ಮಾ ರೆವಿಲ್ ಸಿಕ್ಕಿದ್ದು. ಇಬ್ಬರ ವಯಸ್ಸಿಗೂ ಒಂದೇ ದಿನದ ಅಂತರ. ಆದರೆ ಸಿನಿಮಾದಲ್ಲಿ ಆಕೆ ಈತನಿಗಿಂತ ಸೀನಿಯರ್. ಹದಿನಾರರ ಆಸುಪಾಸಿನಿಂದಲೇ ಸ್ಟುಡಿಯೋದಲ್ಲಿ ದುಡಿದು, ಎಡಿಟಿಂಗ್ ಕಲಿತಿದ್ದವಳು. 1926ರ ಡಿಸೆಂಬರ್‌ನಲ್ಲಿ ಮದುವೆಯಾದರು. ಅದಕ್ಕೂ ಮೊದಲು, 1924ರಲ್ಲಿ, ಕೆಲಸದ ಮೇಲೆ ಜರ್ಮನಿಯ ಬಾಬೆಲ್ಸ್‌ಬರ್ಗ್ ಸ್ಟುಡಿಯೋಗೆ ಹೋದಾಗ ಅಲ್ಲಿ ಎಫ್. ಡಬ್ಲ್ಯೂ. ಮೂರ್ನೌ ‘ದಿ ಲಾಸ್ಟ್ ಲಾಫ್’ ತೆಗೆಯುತ್ತಿದ್ದರು. ಟೈಟಲ್ ಕಾರ್ಡ್ ಹೆಚ್ಚೂಕಡಿಮೆ ಇಲ್ಲವೇ ಇಲ್ಲ ಅನ್ನುವಂಥ ಸಿನಿಮಾ ಅದು. ಕಾರ್ಡ್ ಬರೆದು ಹೊಟ್ಟೆ ಹೊರೆದಿದ್ದ ಹುಡುಗ, ಕಾರ್ಡೇ ಬೇಡದ ಸಿನಿಮಾ ಹೇಗಿರುತ್ತೆ ಅಂತ ಕಣ್ಣಾರೆ ಕಂಡ.

ಒಂದು ಕಿರುಚಾಟ, ಇಡೀ ಊರಿನ ವದಂತಿ

ನಿರ್ದೇಶಕನಾಗಿ ಹಿಚ್‌ಕಾಕ್‌ಗೆ ಹೆಸರು ತಂದ ಮೊದಲ ಸಿನಿಮಾ ‘ದಿ ಲಾಡ್ಜರ್’. 1926ರಲ್ಲಿ ತಯಾರಾಗಿ 1927ರ ಆರಂಭದಲ್ಲಿ ತೆರೆಕಂಡಿತು. ಮೇರಿ ಬೆಲಾಕ್ ಲೌಂಡ್ಸ್ ಅವರ ಕಾದಂಬರಿಯ ಮೇಲೆ ಕಟ್ಟಿದ್ದು. ಥ್ರಿಲ್ಲರ್ ಆರಂಭ ಪ್ಲಾನ್ ಮಾಡುವ ಯಾರೇ ಆದರೂ ಇದರ ಮೊದಲ ಕೆಲವು ನಿಮಿಷಗಳನ್ನು ನೋಡಬೇಕು.

ಮೊದಲ ಶಾಟ್: ಕಿರುಚುತ್ತಿರುವ ಯುವತಿಯ ಮುಖ, ಹೊಂಬಣ್ಣದ ಕೂದಲು ಹೊಳೆಯುವಂತೆ ಬೆಳಕು. ಸದ್ದಿಲ್ಲ, ಕೊಲೆಗಾರ ಕಾಣಲ್ಲ. ಆಮೇಲೆ ರಂಗಮಂದಿರದ ದೀಪದ ಫಲಕ ಮಿನುಗುತ್ತದೆ. ಶವದ ಸುತ್ತ ಜನ. ತಾನು ಕಂಡೆ ಎನ್ನುವ ಮುದುಕಿ, ಬರೆದುಕೊಳ್ಳುವ ಪೊಲೀಸ್, ಫೋನಿಗೆ ಓಡುವ ವರದಿಗಾರ. ನಂತರ ಕ್ಯಾಮೆರಾ ಕೊಲೆಗಾರನ ಹಿಂದೆ ಹೋಗುವುದೇ ಇಲ್ಲ, ಸುದ್ದಿಯ ಹಿಂದೆ ಹೋಗುತ್ತದೆ. ಟೆಲಿಪ್ರಿಂಟರ್, ಮುದ್ರಣ ಯಂತ್ರ, ಪತ್ರಿಕೆ ಹೊತ್ತು ಹೊರಡುವ ವ್ಯಾನು, ಬೀದಿಯಲ್ಲಿ ಮಾರುವ ಹುಡುಗ, ರೇಡಿಯೋಗೆ ಕಿವಿಕೊಟ್ಟ ಮುಖಗಳು. ಕೆಲವೇ ನಿಮಿಷಗಳಲ್ಲಿ ಒಂದು ಸಾವು ಇಡೀ ಊರಿನ ಭಯವಾಗುತ್ತೆ.

ಆ ಭಯ ತಲೆತುಂಬಿಕೊಂಡ ಮೇಲೆ ಒಂದು ಮನೆಯ ಬಾಗಿಲು ಬಡಿಯುವ ಸದ್ದು. ಮುಖಕ್ಕೆ ಶಾಲು ಸುತ್ತಿದ ಅಪರಿಚಿತನೊಬ್ಬ ಬಾಡಿಗೆ ರೂಮು ಕೇಳಿ ಬಂದಿದ್ದಾನೆ. ಮಹಡಿಯ ಮೇಲೆ ಅವನು ಅತ್ತಿಂದಿತ್ತ ನಡೆದಾಡುವುದನ್ನು ತೋರಿಸಲು ಹಿಚ್‌ಕಾಕ್ ಗಾಜಿನ ನೆಲ ಹಾಕಿಸಿ ಕೆಳಗಿನಿಂದ ಚಿತ್ರೀಕರಿಸಿದ. ಕೆಳಗೆ ಕೂತವರ ತಲೆಯ ಮೇಲೆ ದೀಪ ಅಲುಗುತ್ತೆ. ಸದ್ದಿಲ್ಲದ ಸಿನಿಮಾದಲ್ಲಿ ಹೆಜ್ಜೆ ಸದ್ದು ಕಾಣಿಸುವಂತೆ ಮಾಡಿದ. ಇವನೇ ಕೊಲೆಗಾರ ಅಂತ ನಾವು ತೀರ್ಮಾನಿಸಿಬಿಡುತ್ತೇವೆ. ಕೊನೆಗೆ ಜನರ ಗುಂಪೊಂದು ಅವನನ್ನು ಅಟ್ಟಿಸಿಕೊಂಡು ಹೋಗುತ್ತೆ. ಬೇಡಿ ಹಾಕಿದ ಕೈಗಳು ಕಬ್ಬಿಣದ ಬೇಲಿಗೆ ಸಿಕ್ಕಿಕೊಂಡು ನೇತಾಡುತ್ತಿರುವ ಅವನನ್ನು ಗುಂಪು ಹೊಡೆಯುತ್ತೆ. ಅಷ್ಟರಲ್ಲಿ ಸುದ್ದಿ ಬರುತ್ತೆ: ನಿಜವಾದ ಕೊಲೆಗಾರ ಬೇರೆಲ್ಲೋ ಸಿಕ್ಕಿಬಿದ್ದಿದ್ದಾನೆ.

ಇದರಲ್ಲಿ ಎಲ್ಲವೂ ಹಿಚ್‌ಕಾಕ್‌ನ ಆದರ್ಶವಲ್ಲ. ನಾಯಕ ಐವರ್ ನೊವೆಲ್ಲೋ ಆಗಿನ ದೊಡ್ಡ ಸ್ಟಾರ್, ಅವನನ್ನು ಕೊಲೆಗಾರ ಅಂತ ತೋರಿಸಲು ನಿರ್ಮಾಪಕರು ಒಪ್ಪುವಂತಿರಲಿಲ್ಲ. ಮೊದಲು ಸಿದ್ಧವಾದ ಸಿನಿಮಾ ವಿತರಕರಿಗೆ ಹಿಡಿಸದೆ ಮೂಲೆಗೆ ಬಿದ್ದಿತ್ತು. ಆಮೇಲೆ ಐವರ್ ಮಾಂಟೆಗು ಎಂಬ ಎಡಪಂಥೀಯ ಯುವಕ ಅದಕ್ಕೆ ಕೈಹಾಕಿ, ಟೈಟಲ್ ಕಾರ್ಡ್‌ಗಳನ್ನು ಬಹಳಷ್ಟು ಕಿತ್ತುಹಾಕಿ, ಕೆಲವು ಭಾಗಗಳನ್ನು ಮತ್ತೆ ತೆಗೆಯಲು ಸೂಚಿಸಿದ. ಇಷ್ಟೆಲ್ಲಾ ಆದರೂ ಆ ಬೇಲಿಯ ದೃಶ್ಯ ಇವತ್ತಿಗೂ ಎದೆಗೆ ತಾಗುತ್ತೆ, ಯಾಕಂದ್ರೆ ಆ ಗುಂಪಿನಲ್ಲಿ ನಾವೂ ಇದ್ದೆವು. ಅನುಮಾನ ನಮ್ಮದೇ ಆಗಿತ್ತು.

ಕಟ್ ಮಾಡಬೇಡಿ ಅಂದ ವರ್ಷ

1939ರಲ್ಲಿ ಹಿಚ್‌ಕಾಕ್ ಹಾಲಿವುಡ್ಡಿಗೆ ಹೋದ. ಮೊದಲ ಸಿನಿಮಾ ‘ರೆಬೆಕಾ’ಗೆ ಅತ್ಯುತ್ತಮ ಚಿತ್ರದ ಆಸ್ಕರ್ ಬಂತು, ಅತ್ಯುತ್ತಮ ನಿರ್ದೇಶಕನ ಆಸ್ಕರ್ ಮಾತ್ರ ಐದು ಸಲ ನಾಮನಿರ್ದೇಶನಗೊಂಡರೂ ಆತನಿಗೆ ಕೊನೆವರೆಗೂ ಸಿಗಲಿಲ್ಲ. ಯುದ್ಧದ ಹೊತ್ತಲ್ಲಿ ದೇಶ ಬಿಟ್ಟು ಅಮೆರಿಕದಲ್ಲಿ ಕೂತಿದ್ದಾನೆ ಅಂತ ಬ್ರಿಟನ್ನಿನಲ್ಲಿ ಹಳೆಯ ಗೆಳೆಯರೇ ಟೀಕಿಸಿದರು. 1944ರಲ್ಲಿ ಆತ ಬ್ರಿಟಿಷ್ ಸರ್ಕಾರಕ್ಕಾಗಿ ಫ್ರೆಂಚ್ ಭಾಷೆಯಲ್ಲಿ ಎರಡು ಕಿರುಚಿತ್ರ ತೆಗೆದುಕೊಟ್ಟ.

ಆದರೆ ಅದಕ್ಕಿಂತ ದೊಡ್ಡ ಕೆಲಸ ಬಂದಿದ್ದು 1945ರಲ್ಲಿ. ಬೆರ್ಗೆನ್-ಬೆಲ್ಸೆನ್ ಸೇರಿದಂತೆ ನಾಜಿ ಶಿಬಿರಗಳನ್ನು ಮಿತ್ರಪಡೆಗಳು ಬಿಡುಗಡೆ ಮಾಡಿದಾಗ ಸೈನ್ಯದ ಕ್ಯಾಮೆರಾಮನ್‌ಗಳು ಅಲ್ಲಿ ಕಂಡಿದ್ದನ್ನೆಲ್ಲಾ ಚಿತ್ರೀಕರಿಸಿಕೊಂಡಿದ್ದರು. ಆ ರೀಲುಗಳಿಂದ ಸಾಕ್ಷ್ಯಚಿತ್ರ ಮಾಡುವ ಹೊಣೆ ಹೊತ್ತಿದ್ದ ಸಿಡ್ನಿ ಬರ್ನ್‌ಸ್ಟೀನ್, ಗೆಳೆಯ ಹಿಚ್‌ಕಾಕ್‌ನನ್ನು ಸಲಹೆಗೆ ಕರೆಸಿಕೊಂಡರು. ಸುಮಾರು ಒಂದು ತಿಂಗಳು ಆತ ಲಂಡನ್ನಿನಲ್ಲಿದ್ದ.

ಆತ ಕೊಟ್ಟ ಸಲಹೆ ಏನು ಗೊತ್ತಾ? ಆದಷ್ಟು ಕಟ್ ಮಾಡಬೇಡಿ. ಶಾಟ್‌ಗಳು ಉದ್ದವಾಗಿರಲಿ. ಹೆಣಗಳ ರಾಶಿಯನ್ನು ಒಂದು ಶಾಟಿನಲ್ಲಿ, ಅದನ್ನು ನೋಡುತ್ತಾ ನಿಂತ ಅಕ್ಕಪಕ್ಕದ ಊರಿನ ಗಣ್ಯರನ್ನು ಇನ್ನೊಂದು ಶಾಟಿನಲ್ಲಿ ತೋರಿಸಿದರೆ, ಎರಡನ್ನೂ ಬೇರೆ ಬೇರೆ ಕಡೆ ತೆಗೆದು ಅಂಟಿಸಿದ್ದು ಅಂತ ನಾಳೆ ಯಾರಾದರೂ ಹೇಳಬಹುದು. ಒಂದೇ ಶಾಟಿನಲ್ಲಿ ಕ್ಯಾಮೆರಾ ಅವರಿಂದ ಹೆಣಗಳತ್ತ ನಿಧಾನ ತಿರುಗಿದರೆ ಅಲ್ಲಗಳೆಯುವುದು ಕಷ್ಟ. ಜೊತೆಗೆ ನಕ್ಷೆಗಳನ್ನು ಹಾಕಿ, ಈ ಶಿಬಿರಗಳು ಜನವಸತಿಗೆ ಎಷ್ಟು ಹತ್ತಿರದಲ್ಲಿದ್ದವು ಅಂತ ತೋರಿಸಿ ಅಂದ. ನಮಗೇನೂ ಗೊತ್ತಿರಲಿಲ್ಲ ಅನ್ನೋ ನೆಪವನ್ನು ಆ ನಕ್ಷೆಗಳೇ ಮುರಿಯುತ್ತವೆ.

ಕತ್ತರಿ ಹಾಕಿ ಜನರನ್ನು ನಂಬಿಸುವುದರಲ್ಲೇ ಬದುಕು ಕಳೆದವನು, ಸತ್ಯ ತೋರಿಸುವಾಗ ಕತ್ತರಿ ಕೆಳಗಿಡಿ ಅಂದ. ತುಣುಕುಗಳು ಎಷ್ಟು ಸುಲಭವಾಗಿ ಸುಳ್ಳು ಹೇಳುತ್ತವೆ ಅಂತ ಆತನಿಗೆ ಒಳಗಿನಿಂದ ಗೊತ್ತಿತ್ತು. ಯುದ್ಧ ಮುಗಿದ ಮೇಲೆ ಜರ್ಮನಿಯೊಂದಿಗಿನ ಲೆಕ್ಕಾಚಾರ ಬದಲಾಗಿ ಆ ಚಿತ್ರ ಅರ್ಧಕ್ಕೇ ನಿಂತಿತು. ಇಂಪೀರಿಯಲ್ ವಾರ್ ಮ್ಯೂಸಿಯಂ ಅದನ್ನು ಪೂರ್ಣಗೊಳಿಸಿ ತೋರಿಸಿದ್ದು 2014ರಲ್ಲಿ.

ಇಲ್ಲಿ ನಮ್ಮದೇ ಊರಿನ ಒಂದು ಮಾತು ಹೇಳಲೇಬೇಕು. ಕರಾಚಿಯ ಒಂದು ಸಂಸ್ಥೆ ಮಕ್ಕಳ ಸುರಕ್ಷತೆಯ ಬಗ್ಗೆ ಎಚ್ಚರಿಸಲು ಕಿರುಚಿತ್ರ ಮಾಡಿತ್ತು. ಬೀದಿಯಲ್ಲಿ ಆಡುತ್ತಿದ್ದ ಮಕ್ಕಳ ನಡುವೆ ಬೈಕ್ ಬರುತ್ತೆ, ಒಂದು ಮಗುವನ್ನು ಎತ್ತಿಕೊಂಡು ಹೋಗುತ್ತೆ. ಕೊನೆಯಲ್ಲಿ ಬೈಕ್ ವಾಪಸ್ ಬಂದು ಮಗುವನ್ನು ಇಳಿಸಿ, ಎಚ್ಚರಿಕೆಯ ಫಲಕ ತೋರಿಸುತ್ತೆ. ಒಂದು ಪಕ್ಕಾ ಥ್ರಿಲ್ಲರ್ ಆರಂಭ, ಅದಕ್ಕೊಂದು ಒಳ್ಳೆಯ ಕೊನೆ. ಯಾರೋ ಆ ಕೊನೆಯನ್ನು ಕಟ್ ಮಾಡಿದರು. ಉಳಿದ ತುಣುಕು ಮಕ್ಕಳ ಕಳ್ಳರು ಬಂದಿದ್ದಾರೆ ಅನ್ನೋ ಮೆಸೇಜಿನ ಜೊತೆ 2018ರಲ್ಲಿ ಭಾರತದ ವಾಟ್ಸ್‌ಆಪ್ ತುಂಬಾ ಓಡಾಡಿತು. ಆ ವದಂತಿಗಳ ದಿನಗಳಲ್ಲೇ, ಮೇ ತಿಂಗಳಲ್ಲಿ ಬೆಂಗಳೂರಿನ ಚಾಮರಾಜಪೇಟೆಯಲ್ಲಿ ರಾಜಸ್ಥಾನದಿಂದ ಕೆಲಸ ಹುಡುಕಿ ಬಂದಿದ್ದ ಯುವಕನೊಬ್ಬನನ್ನು ಗುಂಪು ಹೊಡೆದು ಕೊಂದಿತು. ಜುಲೈನಲ್ಲಿ ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ಹೈದರಾಬಾದಿನ ಯುವ ಎಂಜಿನಿಯರ್ ಒಬ್ಬ ಹಾಗೇ ಸತ್ತ. ‘ದಿ ಲಾಡ್ಜರ್’ನ ಅಪರಿಚಿತನನ್ನು ಉಳಿಸಲು ಕೊನೆಯ ಕ್ಷಣದಲ್ಲಿ ಸುದ್ದಿ ಬಂತು. ಇವರಿಗೆ ಬರಲಿಲ್ಲ.

ಎರಡು ಜೊತೆ ಶೂ

ಕಸುಬಿನ ಮಾತಿಗೆ ಬರೋಣ. ದುಡ್ಡಿಲ್ಲದೆ, ಸ್ಟಾರ್ ಇಲ್ಲದೆ, ಕಾಲೇಜು ಹುಡುಗರು ಮಾಡಬಹುದಾದ ಆರಂಭ ಯಾವುದು ಅಂತ ಕೇಳಿದರೆ ನಾನು ‘ಸ್ಟ್ರೇಂಜರ್ಸ್ ಆನ್ ಎ ಟ್ರೈನ್’ (1951) ಅಂತೀನಿ. ಒಂದು ಟ್ಯಾಕ್ಸಿಯಿಂದ ಎರಡು ಬಣ್ಣದ ಶೋಕಿ ಶೂ ಇಳಿಯುತ್ತೆ. ಇನ್ನೊಂದು ಟ್ಯಾಕ್ಸಿಯಿಂದ ಸಾದಾ ಶೂ. ಎರಡೂ ರೈಲು ನಿಲ್ದಾಣದೊಳಗೆ ನಡೆಯುತ್ತವೆ, ಒಂದು ಬಲಗಡೆಯಿಂದ, ಒಂದು ಎಡಗಡೆಯಿಂದ. ಮುಖ ತೋರಿಸಲ್ಲ. ರೈಲು ಹೊರಟ ಮೇಲೆ ಹಳಿಗಳು ಒಂದನ್ನೊಂದು ದಾಟುವುದು ಕಾಣುತ್ತೆ. ಆಮೇಲೆ ಬೋಗಿಯೊಳಗೆ ಒಂದು ಶೂ ಇನ್ನೊಂದಕ್ಕೆ ತಗಲುತ್ತೆ. ಮಾತು ಶುರುವಾಗುವುದೇ ಅಲ್ಲಿಂದ. ಒಂದು ಡೈಲಾಗಿಲ್ಲದೆ ಇಬ್ಬರು ಎಂಥವರು, ಯಾರು ಯಾರ ದಾರಿಗೆ ಅಡ್ಡ ಬರುತ್ತಾರೆ ಅನ್ನೋದೆಲ್ಲ ಗೊತ್ತಾಗಿಬಿಡುತ್ತೆ.

‘ರಿಯರ್ ವಿಂಡೋ’ (1954) ಇನ್ನೊಂದು ಪಾಠ. ಕ್ಯಾಮೆರಾ ವಠಾರವನ್ನೆಲ್ಲ ಒಂದು ಸುತ್ತು ಹಾಕಿ ಒಂದು ರೂಮಿನೊಳಗೆ ಬರುತ್ತೆ. ಪ್ಲಾಸ್ಟರ್ ಹಾಕಿದ ಕಾಲು, ಮುರಿದ ಕ್ಯಾಮೆರಾ, ಗೋಡೆಯ ಮೇಲೆ ರೇಸ್ ಕಾರಿನ ಅಪಘಾತದ ಫೋಟೋ. ಮುಗಿಯಿತು, ನಾಯಕ ಯಾರು, ಏನಾಗಿದೆ ಅಂತ ನಮಗೇ ಅರ್ಥವಾಗುತ್ತೆ.

ಆತ ಪದೇ ಪದೇ ವಿವರಿಸುತ್ತಿದ್ದ ತತ್ವವೂ ಸರಳ. ಇಬ್ಬರು ಮೇಜಿನ ಬಳಿ ಕೂತು ಹರಟುತ್ತಿರುವಾಗ ಬಾಂಬು ಸಿಡಿದರೆ ನೋಡುಗರಿಗೆ ಕೆಲವು ಸೆಕೆಂಡಿನ ಆಘಾತ, ಅಷ್ಟೇ. ಬಾಂಬು ಮೇಜಿನಡಿ ಇದೆ ಅಂತ ನೋಡುಗರಿಗೆ ಮೊದಲೇ ತೋರಿಸಿ, ಹರಟುವವರಿಗೆ ತಿಳಿಸದೇ ಇದ್ದರೆ ಅದೇ ಹರಟೆ ಜೀವ ಹಿಂಡುತ್ತೆ. ಅಂದರೆ ಸ್ಟೋರಿಬೋರ್ಡ್ ಬರೆಯುವಾಗ ಪ್ರತಿ ಚೌಕಕ್ಕೂ ಕೇಳಬೇಕಾದ್ದು ಇದು: ಇಲ್ಲಿ ಯಾರಿಗೆ ಏನು ಗೊತ್ತು? ಹಾಳೆಯಲ್ಲಿ ಚಿತ್ರ ಚಂದ ಇರಬೇಕಿಲ್ಲ. ಶಾಟ್ ಹತ್ತಿರದ್ದೋ ದೂರದ್ದೋ, ಕ್ಯಾಮೆರಾ ಯಾವ ಕಡೆ ಸರಿಯುತ್ತೆ ಅನ್ನೋದಕ್ಕೊಂದು ಬಾಣ, ಎಷ್ಟು ಸೆಕೆಂಡ್, ಯಾವ ಸದ್ದು. ಇಷ್ಟಿದ್ದರೆ ತಂಡದವರಿಗೆಲ್ಲ ಒಂದೇ ಸಿನಿಮಾ ಕಾಣುತ್ತೆ.

ಒಬ್ಬನ ಹೆಸರು, ಹಲವರ ಕೈ

ಹಿಚ್‌ಕಾಕ್ ಬಗ್ಗೆ ಒಂದು ಪುರಾಣವಿದೆ. ಇಡೀ ಸಿನಿಮಾ ಆತನ ತಲೆಯಲ್ಲಿ ಮೊದಲೇ ಸಿದ್ಧವಾಗಿರುತ್ತಿತ್ತು, ಎಲ್ಲವೂ ಕಾಗದದ ಮೇಲಿರುತ್ತಿತ್ತು, ಶೂಟಿಂಗ್ ಬರೀ ಶಾಸ್ತ್ರ ಅಂತ. ಈ ಪುರಾಣವನ್ನು ಬೆಳೆಸಿದ್ದು ಆತನೇ. 1955ರಲ್ಲಿ ಟಿವಿಗೆ ಬಂದಾಗ ಕೆಲವೇ ಗೆರೆಗಳಲ್ಲಿ ತಾನೇ ಬರೆದ ತನ್ನ ಮುಖದ ರೇಖಾಚಿತ್ರವನ್ನೇ ಕಾರ್ಯಕ್ರಮದ ಗುರುತು ಮಾಡಿಕೊಂಡ. ಆದರೆ ಸ್ಟುಡಿಯೋ ದಾಖಲೆಗಳನ್ನು ತೆಗೆದು ಓದಿದ ಬಿಲ್ ಕ್ರೋನ್ ಅವರಂಥ ಸಂಶೋಧಕರು ತೋರಿಸಿಕೊಟ್ಟದ್ದು ಬೇರೆ ಚಿತ್ರ. ಸೆಟ್ಟಿನಲ್ಲಿ ಬದಲಾವಣೆ ಆಗುತ್ತಿತ್ತು, ಹೊಸದು ಹೊಳೆಯುತ್ತಿತ್ತು. ‘ನಾರ್ತ್ ಬೈ ನಾರ್ತ್‌ವೆಸ್ಟ್’ನ ವಿಮಾನ ಅಟ್ಟಿಸಿಕೊಂಡು ಬರುವ ದೃಶ್ಯದ ಪ್ರಸಿದ್ಧ ಸ್ಟೋರಿಬೋರ್ಡ್ ಶೂಟಿಂಗ್ ಆದ ಮೇಲೆ ಪ್ರಚಾರಕ್ಕಾಗಿ ಬರೆಸಿದ್ದು.

‘ಸೈಕೋ’ (1960) ನೋಡಿ. ಸುಮಾರು ಎಂಟು ಲಕ್ಷ ಡಾಲರ್ ಬಜೆಟ್, ದೊಡ್ಡ ಸಿನಿಮಾ ತಂಡದ ಬದಲು ಬಹುಮಟ್ಟಿಗೆ ತನ್ನ ಟಿವಿ ತಂಡ. ಒಂದು ನಿಮಿಷಕ್ಕೂ ಕಡಿಮೆಯ ಶವರ್ ಕೊಲೆ ದೃಶ್ಯಕ್ಕೆ ಏಳು ದಿನ ಶೂಟಿಂಗ್. ಅದರ ಸ್ಟೋರಿಬೋರ್ಡ್ ಬರೆದವರು ವಿನ್ಯಾಸಕಾರ ಸಾಲ್ ಬಾಸ್. ಆ ದೃಶ್ಯಕ್ಕೆ ಸಂಗೀತವೇ ಬೇಡ ಅಂದುಕೊಂಡಿದ್ದ ಹಿಚ್‌ಕಾಕ್‌ನ ಮನಸ್ಸು ಬದಲಾಗಿದ್ದು ಬರ್ನಾರ್ಡ್ ಹರ್ಮನ್ ಬರೆದ ಪಿಟೀಲಿನ ಚೀರಾಟ ಕೇಳಿದ ಮೇಲೆ. ಮುಗಿದ ಪ್ರತಿಯನ್ನು ನೋಡುವಾಗ, ಸತ್ತು ಬಿದ್ದ ಪಾತ್ರದಲ್ಲಿ ಸಣ್ಣದೊಂದು ಚಲನೆಯನ್ನು ಬೇರೆ ಯಾರೂ ಕಾಣದಿದ್ದಾಗ ಕಂಡುಹಿಡಿದವಳು ಆಲ್ಮಾ. ಹಿಚ್‌ಕಾಕ್‌ನ ಎಷ್ಟೋ ಸಿನಿಮಾಗಳಲ್ಲಿ ಆಕೆಯ ಕೆಲಸ ಇದೆ, ಹೆಸರಿಲ್ಲ. ಮಹಾಪುರುಷನ ಕಥೆ ಹೇಳುವಾಗ ಹೆಣ್ಣಿನ, ತಂತ್ರಜ್ಞರ ದುಡಿಮೆ ಮಾಯವಾಗುವುದು ರಾಜಕೀಯದಲ್ಲಷ್ಟೇ ಅಲ್ಲ.

ಚೌಕದೊಳಗೆ ಸಿಕ್ಕವರು

ಇನ್ನು ಕಷ್ಟದ ಭಾಗ. ಅಮಾಯಕನನ್ನು ಅನುಮಾನಿಸುವ ಗುಂಪಿನ ಬಗ್ಗೆ ಸಿನಿಮಾ ಮಾಡಿದವನೇ ಸುಲಭದ ಅನುಮಾನಗಳನ್ನೂ ಬಳಸಿದ. ‘ಮರ್ಡರ್!’ (1930) ಸಿನಿಮಾದ ಕೊಲೆಗಾರ ತನ್ನ ಮಿಶ್ರ ಜನಾಂಗೀಯ ಹುಟ್ಟನ್ನು ಮುಚ್ಚಿಡಲು ಕೊಲ್ಲುತ್ತಾನೆ. ‘ರೋಪ್’ (1948), ‘ಸ್ಟ್ರೇಂಜರ್ಸ್ ಆನ್ ಎ ಟ್ರೈನ್’ಗಳ ಕೊಲೆಗಾರರನ್ನು ಸಲಿಂಗಿಗಳೆಂದು ಬಾಯಿಬಿಟ್ಟು ಹೇಳದೆ, ನಡೆನುಡಿಯಲ್ಲೇ ಸೂಚಿಸಲಾಗಿದೆ. ಆ ಶೋಕಿ ಶೂ ಕೂಡ ಅಂಥದ್ದೇ ಒಂದು ಸೂಚನೆ ಅನ್ನೋದು ನನ್ನ ಓದು. ಅಷ್ಟು ಚೆಂದದ ಆರಂಭದಲ್ಲೂ ಒಂದು ಪೂರ್ವಗ್ರಹ ಕೂತಿದೆ.

ಹೆಂಗಸರ ವಿಷಯದಲ್ಲಿ ಇದು ತೆರೆಯಾಚೆಗೂ ಹೋಯಿತು. ‘ದಿ ಲಾಡ್ಜರ್’ನ ಮೊದಲ ಶಾಟಿನ ಹೊಂಗೂದಲಿನ ಯುವತಿ ಆತನ ಸಿನಿಮಾಗಳಲ್ಲಿ ಮತ್ತೆ ಮತ್ತೆ ಬಂದಳು. ‘ದಿ ಬರ್ಡ್ಸ್’ (1963) ಹೊತ್ತಿಗೆ ಆ ಜಾಗದಲ್ಲಿ ನಿಂತವರು ಹೊಸ ನಟಿ ಟಿಪ್ಪಿ ಹೆಡ್ರೆನ್. ಹಕ್ಕಿಗಳು ದಾಳಿ ಮಾಡುವ ದೃಶ್ಯಕ್ಕೆ ಯಾಂತ್ರಿಕ ಹಕ್ಕಿಗಳನ್ನು ಬಳಸುತ್ತೇವೆ ಅಂತ ಹೇಳಿ, ಐದು ದಿನ ನಿಜವಾದ ಹಕ್ಕಿಗಳನ್ನೇ ತನ್ನ ಮೇಲೆ ಎಸೆದರು ಅಂತ ಆಕೆ ಹೇಳಿದ್ದಾರೆ. ಹಿಚ್‌ಕಾಕ್ ತನಗೆ ಲೈಂಗಿಕ ಕಿರುಕುಳ ಕೊಟ್ಟ, ಒಪ್ಪದಿದ್ದಾಗ ಕರಾರಿನಲ್ಲಿ ಕಟ್ಟಿಹಾಕಿ ಬೇರೆ ಅವಕಾಶ ಸಿಗದಂತೆ ಮಾಡಿದ ಅಂತ 2016ರ ತಮ್ಮ ಆತ್ಮಕಥೆಯಲ್ಲಿ ಬರೆದರು. ಆಗ ಉತ್ತರಿಸಲು ಹಿಚ್‌ಕಾಕ್ ಇರಲಿಲ್ಲ. ಆತನೊಂದಿಗೆ ಕೆಲಸ ಮಾಡಿದ ಬೇರೆ ಕೆಲವು ನಟಿಯರು ತಮಗೆ ಅಂಥ ಅನುಭವ ಆಗಿಲ್ಲ ಅಂದಿದ್ದಾರೆ. ಆದರೆ ಒಬ್ಬರಿಗೆ ಆಗಿಲ್ಲ ಅನ್ನೋದು ಇನ್ನೊಬ್ಬರಿಗೂ ಆಗಿಲ್ಲ ಅನ್ನೋದಕ್ಕೆ ಪುರಾವೆಯಲ್ಲ. ಎಲ್ಲವೂ ತಾನು ಬರೆದ ಚೌಕದಂತೆಯೇ ನಡೆಯಬೇಕು ಅನ್ನುವ ಹಟ ಮನುಷ್ಯರ ಮೇಲೆ ತಿರುಗಿದಾಗ ಏನಾಗುತ್ತೆ ಅನ್ನೋದನ್ನು ಟಿಪ್ಪಿ ಹೆಡ್ರೆನ್ ಅವರ ಮಾತು ಕೇಳಿದವರು ಮರೆಯಲಾರರು. ಒಂದು ಶಾಟಿಗಾಗಿ ತಂಡದ ಯಾರನ್ನಾದರೂ ಹೆದರಿಸೋದು, ನೋಯಿಸೋದು, ಸುಳ್ಳು ಹೇಳೋದು ಕಾಲೇಜಿನ ಕಿರುಚಿತ್ರದಲ್ಲೂ ತಪ್ಪೇ.

ಇದೇ ಮನುಷ್ಯ, ಕಮ್ಯುನಿಸ್ಟ್ ನಂಟಿನ ಶಂಕೆಯಿಂದ ಹಾಲಿವುಡ್ಡಿನಲ್ಲಿ ಕೆಲಸವಿಲ್ಲದೆ ಕೂತಿದ್ದ ನಾರ್ಮನ್ ಲಾಯ್ಡ್‌ಗೆ 1957ರಲ್ಲಿ ತನ್ನ ಟಿವಿ ಕಾರ್ಯಕ್ರಮದಲ್ಲಿ ಕೆಲಸ ಕೊಟ್ಟ. ಒಂದು ಇನ್ನೊಂದನ್ನು ತೊಳೆದುಹಾಕಲ್ಲ. ಎರಡೂ ನಿಜ.

ಕೊನೆಯ ಸಿನಿಮಾ ‘ಫ್ಯಾಮಿಲಿ ಪ್ಲಾಟ್’ ಬಂದಿದ್ದು 1976ರಲ್ಲಿ. 1980ರ ಹೊಸ ವರ್ಷಕ್ಕೆ ಬ್ರಿಟನ್ ಸರ್ ಪದವಿ ಕೊಟ್ಟಿತು. ಅದೇ ವರ್ಷ ಏಪ್ರಿಲ್ 29ರಂದು ಲಾಸ್ ಏಂಜಲೀಸ್‌ನಲ್ಲಿ ಹಿಚ್‌ಕಾಕ್ ತೀರಿಕೊಂಡ. ಎರಡು ವರ್ಷಗಳ ನಂತರ ಆಲ್ಮಾ.

ಆತನಿಂದ ಕಲಿಯಬೇಕಾದ್ದು ಬೇಕಾದಷ್ಟಿದೆ. ಮುಖ ತೋರಿಸದೆ ಶೂ ತೋರಿಸೋದು, ಕೊಲೆಗಾರನ ಬದಲು ಸುದ್ದಿಯ ಹಿಂದೆ ಹೋಗೋದು, ಬಾಂಬನ್ನು ಮೊದಲೇ ಕಾಣಿಸೋದು, ಯಾವಾಗ ಕಟ್ ಮಾಡಬಾರದು ಅಂತ ತಿಳಿಯೋದು. ಹಾಗೇ, ನೀವು ಬರೆಯುವ ಪ್ರತಿ ಚೌಕದ ಕೆಳಗೆ ಶಾಟ್, ಸೆಕೆಂಡ್, ಸದ್ದು ಅಂತ ಮೂರು ಸಾಲು ಇರುತ್ತಲ್ಲ, ನಾಲ್ಕನೆಯದೊಂದು ಸೇರಿಸಿಕೊಳ್ಳಿ: ಇಲ್ಲಿ ಯಾರನ್ನು ಅನುಮಾನಿಸುವಂತೆ ಮಾಡ್ತಿದ್ದೀನಿ, ಯಾಕೆ? ಯಾಕೆ ಅನ್ನೋದಕ್ಕೆ ಅವನು ಮಾಡಿದ ಕೆಲಸ ಉತ್ತರವಾದರೆ ಆ ಚೌಕ ಇರಲಿ. ಅವನ ಗಡ್ಡ, ಬಟ್ಟೆ, ಭಾಷೆ, ಓಣಿ ಉತ್ತರವಾದರೆ ರಬ್ಬರ್ ತಗೊಳ್ಳಿ. ಪೆನ್ಸಿಲ್‌ನಲ್ಲಿ ಇರೋವರೆಗೂ ಅಳಿಸಬಹುದು. ಒಂದು ಸಲ ಜನರ ಫೋನಿಗೆ ಹೋದ ಮೇಲೆ ಆಗಲ್ಲ.